ಮನೆದೋಟದ ಏಕವಾರ್ಷಿಕ, ಬಹುವಾರ್ಷಿಕ ಹೂಗಿಡಗಳು: ಬೆಂಗಳೂರಿನ ಪಶ್ಚಿಮಭಾಗವನ್ನು ಕುರಿತ ವಿಚಾರ

ಫಲವು ಪಕ್ವವಾಗುವುದರೊಡನೆ ತಾನೂ ಕೊನೆಗಾಣುವ ಸಸ್ಯಕ್ಕೆ ಅಮರಸಿಂಹನು ತನ್ನ ಕೋಶದ ವನೌಷಧಿವರ್ಗದಲ್ಲಿ ಓಷಧಿಯೆಂಬ ಹೆಸರನ್ನು ಕೊಟ್ಟಿದ್ದಾನೆ. ಇಂದು ನಾವು ಏಕವಾರ್ಷಿಕವೆನ್ನುವುದು ಬಹುಮಟ್ಟಿಗೆ ಇದನ್ನೇ. ಮದ್ದು ಎಂಬ ಅರ್ಥವು ಪ್ರಬಲವಾದುದರಿಂದ ಈ ಲಕ್ಷಣವು ನಮಗೆ ಮರೆತಂತಾಗಿದೆ. ಅದರಲ್ಲಿ ವರ್ಷದ ಲೆಕ್ಕವಿಲ್ಲ; ಫಲಪಾಕವೊಂದೇ ಎಲ್ಲೆ. ಗೊನೆ ಕೊಟ್ಟು ಬೀಳುವ ಬಾಳೆಯ ದಿಂಡಿಗೂ ಅದು ಒಪ್ಪುವುದು. ಐರೋಪ್ಯರ ತೋಟಗಾರಿಕೆಯ ಗ್ರಂಥಗಳಾದರೋ ಸಸ್ಯಗಳನ್ನು ಏಕವಾರ್ಷಿಕ, ಬಹುವಾರ್ಷಿಕ ಎಂದು ವಿಂಗಡಿಸಿ, ಅವುಗಳಲ್ಲಿ ಕೆಲವಕ್ಕೆ ‘ಹಾರ್ಡಿ’ ಎಂಬ ವಿಶೇಷಣವನ್ನು ಸೇರಿಸುತ್ತವೆ. ಬೀಜದ ಪೊಟ್ಟಣಗಳ ಮೇಲೆ ಅಚ್ಚಾಗಿ ಈ ವಿಂಗಡಣೆಯು ನಮ್ಮಲ್ಲಿಗೂ ಬಂದಿದೆ. ಬೆಂಗಳೂರಿನ ಪಶ್ಚಿಮದ ಕಾಮಾಕ್ಷಿಪಾಳ್ಯದಂತಹ ಕಡೆಯಲ್ಲಿ ನಾಲ್ಕು ಹೂಗಿಡಗಳನ್ನು ಬೆಳೆಸಬೇಕೆನ್ನುವವರಿಗೆ ಇದು ಎಷ್ಟರಮಟ್ಟಿಗೆ ಸಲ್ಲುವುದೆಂಬುದನ್ನು ಇಲ್ಲಿ ವಿಚಾರಿಸಿದೆ.

‘ಹಾರ್ಡಿ’ ಎಂದರೆ ಆ ದೇಶಗಳಲ್ಲಿ ಹಿಮವನ್ನು ತಾಳುವುದು ಎಂದರ್ಥ. ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿಯಿಲ್ಲ. ಇಲ್ಲಿ ದಾಖಲಾದ ಅತ್ಯಂತ ಕಡಿಮೆಯ ಉಷ್ಣತೆಯು 1884ರ ಜನವರಿಯದು, 7.8 ಡಿಗ್ರಿ ಸೆಂಟಿಗ್ರೇಡು. ಆದಕಾರಣ ಆ ವಿಶೇಷಣಕ್ಕೆ ಇಲ್ಲಿ ಕೆಲಸವಿಲ್ಲ. ಇಲ್ಲಿಯ ಪರೀಕ್ಷಾಕಾಲವು ಶಿವರಾತ್ರಿಯಿಂದ ಮುಂಗಾರಿನವರೆಗಿನದು. 2016ರ ಏಪ್ರಿಲಿನಲ್ಲಿ ಉಷ್ಣತೆಯು 39.2 ಡಿಗ್ರಿಗೆ ಏರಿತ್ತು. 2024ರ ಮಾರ್ಚಿಯಲ್ಲಿ ನೀರಿನ ಅಭಾವವು ಮಿತಿಮೀರಿ, ಕುಡಿಯುವ ನೀರನ್ನು ತೋಟಕ್ಕೆ ಹಾಯಿಸಕೂಡದೆಂದು ಜಲಮಂಡಲಿಯು ಆಜ್ಞೆ ಮಾಡಿ, ಮೀರಿದವರಿಗೆ 5,000 ರೂಪಾಯಿಗಳ ದಂಡವನ್ನು ವಿಧಿಸಿತು. ಅಂತಹ ಬೇಸಗೆಯಲ್ಲಿ ಅಕ್ಕಿ ತೊಳೆದ ನೀರಿನಿಂದಲೇ ಜೀವ ಹಿಡಿದುಕೊಳ್ಳಬಲ್ಲ ಗಿಡವೇ ನಮಗೆ ಗಟ್ಟಿ ಗಿಡ.

ಈ ದೃಷ್ಟಿಯಿಂದ ನೋಡಿದರೆ ಪೊಟ್ಟಣದ ಮಾತು ಅನೇಕವೇಳೆ ತಲೆಕೆಳಗಾಗುತ್ತದೆ. ಪ್ಯಾನ್ಸಿಯು ಹಿಮವನ್ನು ತಾಳುವ ಗಿಡ. ಇಲ್ಲಿಯ ಫಾಲ್ಗುಣದ ಬಿಸಿಲಿಗೆ ಬಾಡಿಹೋಗುವುದು. ಕಾಶಿಕಣಗಿಲೆಯೆಂದೂ ಕರೆಯುವ ನಿತ್ಯಪುಷ್ಪವನ್ನು ಶೀತದೇಶದವರು ಒಂದು ವರ್ಷದ ಗಿಡವೆಂದು ಬೆಳೆಸಿ ಬಿಸಾಡುತ್ತಾರೆ. ನಮ್ಮಲ್ಲಿ ಅದು ಗೋಡೆಯ ಬಿರುಕಿನಲ್ಲಿಯೂ ವರ್ಷಗಟ್ಟಲೆ ಹೂಬಿಡುತ್ತದೆ. ಇದರ ತವರು ಕಾಶಿಯಲ್ಲ, ಮಡಗಾಸ್ಕರ್. ಆದರೂ ಹೆಸರಿಟ್ಟವರ ಕಣ್ಣು ಸೂಕ್ಷ್ಮವಾದುದೆನ್ನಬೇಕು. ಸಸ್ಯಶಾಸ್ತ್ರದಲ್ಲಿಯೂ ಇದು ಕಣಗಿಲೆಯ ಕುಟುಂಬಕ್ಕೇ ಸೇರಿದೆ. ಎರಡೂ ವಿಷಯುಕ್ತವಾದುವಾದ್ದರಿಂದ ದನಕರುಗಳು ಮುಟ್ಟುವುದಿಲ್ಲ. ಮಕ್ಕಳಿರುವ ಮನೆಯವರು ಇದನ್ನು ಮರೆಯತಕ್ಕದ್ದಲ್ಲ.

ಮಾಗಡಿ ರಸ್ತೆಯ ಬದಿಯ ಕಾಮಾಕ್ಷಿಪಾಳ್ಯದಲ್ಲಿ ಸಣ್ಣ ಕಾರ್ಖಾನೆಗಳೂ ಮನೆಗಳೂ ಒತ್ತಿಕೊಂಡಿವೆ. ತೋಟವೆಂದರೆ ಕಾಂಪೌಂಡಿನೊಳಗಿನ ಎರಡಡಿ ಅಗಲದ ಪಟ್ಟಿ, ಇಲ್ಲವೆ ತಾರಸಿಯ ಕುಂಡಗಳು. ಆ ಪಟ್ಟಿಯಲ್ಲಿ ಈ ಸೀಮೆಯ ಕೆಮ್ಮಣ್ಣು ಇರುವುದಕ್ಕಿಂತ ಕಟ್ಟಡದ ಗಾರೆ, ಇಟ್ಟಿಗೆಚೂರುಗಳೇ ಹೆಚ್ಚಾಗಿರುತ್ತವೆ. ಗಾರೆಯ ಸುಣ್ಣದಿಂದ ಮಣ್ಣು ಕ್ಷಾರವಾಗಿ, ಗಿಡಕ್ಕೆ ಕಬ್ಬಿಣಾಂಶವು ದೊರೆಯದೆ, ಎಳೆಯ ಎಲೆಗಳು ನರ ಮಾತ್ರ ಹಸುರಾಗಿ ಉಳಿದು ಹಳದಿಗೆ ತಿರುಗುವುವು. ಒಂದೂವರೆ ಅಡಿ ಆಳಕ್ಕೆ ಅಗೆದು ಆ ಕಸವನ್ನು ತೆಗೆದು ಕೆಮ್ಮಣ್ಣು, ಹಳೆಯ ಸಗಣಿಗೊಬ್ಬರಗಳನ್ನು ತುಂಬುವುದು ಮೊದಲ ಕೆಲಸ. ಗೊಬ್ಬರದ ವಿಷಯದಲ್ಲಿ ಇದಕ್ಕಿಂತ ಹೆಚ್ಚಿಗೆ ಹೇಳಬೇಕಾದುದಿಲ್ಲ.

ಬಹುವಾರ್ಷಿಕಗಳಲ್ಲಿ ಅಗ್ರಸ್ಥಾನವು ದುಂಡುಮಲ್ಲಿಗೆಗೇ ಸಲ್ಲತಕ್ಕುದು. ಬನವಾಸಿಯನ್ನು ನೆನೆಯುವಾಗ ಪಂಪನು ಮಲ್ಲಿಗೆಯನ್ನು ಮರೆಯಲಿಲ್ಲವೆಂಬುದನ್ನು ಅಧ್ಯಾಪಕರಿಗೆ ಹೇಳಬೇಕಾಗಿಲ್ಲ. ಅದು ಬಿಸಿಲು ಬಲಿತಾಗಲೇ ಅರಳುವುದೆಂಬುದನ್ನು ಮಾತ್ರ ಗಿಡದ ಬಳಿಯಲ್ಲಿ ನಿಂತು ಕಾಣಬೇಕು. ಕಾರ್ತಿಕ ಕಳೆದ ಮೇಲೆ ಕೆಲವು ವಾರ ನೀರು ನಿಲ್ಲಿಸಿ, ಕೊಂಬೆಗಳನ್ನು ಮೊಣಕಾಲೆತ್ತರಕ್ಕೆ ಸವರಿ, ಎಲೆ ಉದುರಿದ ಬಳಿಕ ಗೊಬ್ಬರವಿತ್ತು ನೀರೆರೆದರೆ, ಹೊಸ ಚಿಗುರಿನ ತುದಿಯಲ್ಲಿ ಮೊಗ್ಗು ಕಟ್ಟುವುದು. ಸವರದ ಗಿಡವು ಬಳ್ಳಿಯಂತೆ ಹಬ್ಬಿ ಎಲೆಯನ್ನಷ್ಟೇ ಬೆಳೆಸುವುದು. ಗೋಡೆಯ ನೆರಳಿಗೆ ಕನಕಾಂಬರ, ಬಿಸಿಲಿಗೆ ದಾಸವಾಳ, ಏನನ್ನೂ ಬೇಡದ ಮೂಲೆಗೆ ಗೋರಂಟಿ. ಸಂಜೆಮಲ್ಲಿಗೆಯು ಹೆಸರಿಗೆ ಮಲ್ಲಿಗೆ. ದಕ್ಷಿಣ ಅಮೆರಿಕದ ಬೇರೊಂದು ಕುಲದ ಗಿಡ. ಮೇಲಿನ ಭಾಗವು ಒಣಗಿದರೂ ನೆಲದೊಳಗಿನ ಗೆಡ್ಡೆಯು ಮಳೆಗೆ ಮತ್ತೆ ಚಿಗುರುತ್ತದೆ.

ಸೇವಂತಿಗೆಯ ವಿಷಯವು ಸ್ವಲ್ಪ ವಿಚಿತ್ರವಾದುದು. ಅದು ಬಹುವಾರ್ಷಿಕವೇ, ಆದರೆ ಹೂ ಮುಗಿದ ಬಳಿಕ ಬುಡದ ಕಂದುಗಳನ್ನು ಬಿಡಿಸಿ ಹೊಸದಾಗಿ ನೆಡದಿದ್ದರೆ ಹೂ ವರ್ಷವರ್ಷಕ್ಕೂ ಸಣ್ಣದಾಗುವುದು. ಇರುಳು ದೀರ್ಘವಾದಾಗಲೇ ಅದು ಮೊಗ್ಗಿಡುತ್ತದೆ. ಬೀದಿದೀಪದ ಬೆಳಕು ರಾತ್ರಿಯೆಲ್ಲ ಬೀಳುವ ಕಡೆ ಗಿಡವು ಸೊಂಪಾಗಿ ಬೆಳೆದೂ ಹೂಬಿಡಲು ತಡಮಾಡುವುದು. ನಮ್ಮ ಬೀದಿಗಳಲ್ಲಿ ಹೂವು ಬಾರದುದಕ್ಕೆ ಗೊಬ್ಬರವನ್ನು ದೂರುವ ಮೊದಲು ದೀಪವನ್ನು ನೋಡುವುದು ಒಳ್ಳೆಯದು.

ಏಕವಾರ್ಷಿಕಗಳಿಗೆ ತಾಳ್ಮೆಗಿಂತ ಕಾಲವೇ ಮುಖ್ಯ. ಬೇಸಗೆಯನ್ನು ಅವು ಎದುರಿಸುವುದಿಲ್ಲ, ಬೀಜರೂಪದಲ್ಲಿ ಕಳೆಯುತ್ತವೆ. ಮೃಗಶಿರ, ಆರಿದ್ರ ಮಳೆಗಳಲ್ಲಿ ಕರ್ಣಕುಂಡಲ, ಚೆಂಡುಹೂ, ಕಾಸ್ಮಾಸ್‌ಗಳನ್ನೂ, ಚಿತ್ತೆ, ಸ್ವಾತಿಗಳಲ್ಲಿ ಫ್ಲಾಕ್ಸ್, ಪೆಟೂನಿಯಗಳಂತಹ ಚಳಿಗಾಲದ ಹೂಗಳನ್ನೂ ಬಿತ್ತಬೇಕು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಗಳು ಆಗಸ್ಟ್, ಜನವರಿಗಳಲ್ಲಿ ನಡೆಯುವುದು ರಾಷ್ಟ್ರೀಯ ಹಬ್ಬಗಳ ನಿಮಿತ್ತವಾದರೂ, ಈ ಎರಡು ಬಿತ್ತನೆಗಳ ಫಲಕಾಲಕ್ಕೆ ಅವು ಚೆನ್ನಾಗಿ ಹೊಂದುತ್ತವೆ. 1908ರಲ್ಲಿ ಬೆಂಗಳೂರಿಗೆ ಬಂದ ಕ್ರುಂಬಿಗಲ್ ಅವರು ಒಂದು ಜಾತಿಯ ಮರದ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಸಾಲುಮರಗಳನ್ನು ಯೋಜಿಸಿದರು. ಬಿತ್ತನೆಯ ಪಂಚಾಂಗವನ್ನು ಹಿಡಿದರೆ ಎರಡಡಿಯ ಪಟ್ಟಿಯಲ್ಲಿಯೂ ಅದು ಸಾಧ್ಯ.

ಚೆಂಡುಹೂವಿನ ಬೀಜವು ವಾರದೊಳಗೆ ಮೊಳೆತು, ಮೂರು ನಾಲ್ಕು ವಾರಗಳಲ್ಲಿ ಕಿತ್ತು ನೆಡಲು ಬರುತ್ತದೆ. ಆಮೇಲೆ ತುದಿ ಚಿವುಟಿದರೆ ಕವಲೊಡೆಯುವುದು. ಅದರ ತವರು ಮೆಕ್ಸಿಕೋ. 1492ಕ್ಕೆ ಮೊದಲು ನಮ್ಮ ದೇಶದಲ್ಲಿ ಇರಲಾರದು. ಹಳಗನ್ನಡ ಕಾವ್ಯದ ಯಾವುದೋ ಹೂವಿಗೆ ಚೆಂಡುಹೂವೆಂದು ಅರ್ಥ ಬರೆಯುವವರು ಇದನ್ನು ಲಕ್ಷಿಸಬೇಕು. ಕರ್ಣಕುಂಡಲವಾದರೋ ಈ ನೆಲದ್ದೇ, ಅಮರಸಿಂಹನ ಲಕ್ಷಣಕ್ಕೆ ಸರಿಯಾದ ಓಷಧಿ. ಅದರ ಬಲಿತ ಕಾಯಿಯು ಮುಟ್ಟಿದೊಡನೆ ಸಿಡಿಯುವುದರಿಂದ, ತುಸು ಹಳದಿಗೆ ತಿರುಗುವಾಗಲೇ ತೆಳುಬಟ್ಟೆ ಕಟ್ಟಿ ಬೀಜವನ್ನು ಹಿಡಿಯಬೇಕು. ಕನಕಾಂಬರದ ಒಣ ತೆನೆಯು ನೀರು ಸೋಕಿದಾಗ ಸಿಡಿಯುತ್ತದೆ. ಅದನ್ನು ಮಳೆಗೆ ಮೊದಲೇ ಕೊಯ್ದಿಡತಕ್ಕುದು. ಅಂಗಡಿಯ ಸಂಕರತಳಿಗಳ ಬೀಜವನ್ನು ಹೀಗೆ ಕೂಡಿಟ್ಟು ಪ್ರಯೋಜನವಿಲ್ಲ, ಮುಂದಿನ ಪೀಳಿಗೆಯು ತಾಯಿಯಂತಿರುವುದಿಲ್ಲ. ನಾಟಿ ತಳಿಯ ಬೀಜವನ್ನು ನೆರಳಿನಲ್ಲಿ ಒಣಗಿಸಿ, ಬೂದಿ ಬೆರೆಸಿ, ಕಾಗದದಲ್ಲಿ ಮಡಿಸಿ ಮುಂದಿನ ಮೃಗಶಿರದವರೆಗೆ ಇಡಬಹುದು.