ಪಾತ್ರೆಯ ಮೇಲೆ ಕನ್ನಡ ಹೆಸರು: ಮನೆಯಲ್ಲಿಯೇ ಕೆತ್ತುವ ಬಗೆ

ಮುಂಬಯಿಯಲ್ಲಿ ಪಾತ್ರೆ ಕೊಂಡರೆ ಅಂಗಡಿಯವನೇ ಅದರ ಮೇಲೆ ಹೆಸರು ಹಾಕಿಕೊಡುವುದುಂಟು. ಆದರೆ ಅವನ ಕೈಗೆ ಒಗ್ಗಿದ್ದು ದೇವನಾಗರಿ, ಇಲ್ಲವೆ ಇಂಗ್ಲಿಷು. ಕನ್ನಡದಲ್ಲಿ ಬೇಕೆಂದು ಕಾಗದದ ಮೇಲೆ ಬರೆದುಕೊಟ್ಟರೂ ಒತ್ತಕ್ಷರಗಳು ಎಲ್ಲೆಲ್ಲಿಯೋ ಹೋಗಿ ಕೂಡುತ್ತವೆ. ನಮ್ಮ ತಾಯಿಯವರು ತವರಿನಿಂದ ತಂದ ಹಿತ್ತಾಳೆಯ ತಂಬಿಗೆಯ ಮೇಲಿನ ಹೆಸರು, ಹುಣಿಸೆಹಣ್ಣು ಬೂದಿಗಳ ತಿಕ್ಕಾಟದಲ್ಲಿ ಸವೆದುಹೋಗಿತ್ತು. ಅದನ್ನು ನಾವೇ ಮತ್ತೆ ಕೆತ್ತೋಣವೆಂದು ತಿರುಗುವ ಬಿಟ್ಟಿನ ವಿದ್ಯುತ್ ಯಂತ್ರವೊಂದನ್ನು ತಂದೆವು. ಆಳವಾಗಿ ಮೂಡಲೆಂದು ಬಲವಾಗಿ ಒತ್ತಿದೆವು. ಬಿಟ್ಟು ಜಾರಿ ತಂಬಿಗೆಯ ಹೊಟ್ಟೆಯ ಮೇಲೆ ಉದ್ದಕ್ಕೆ ಗೀರೆಳೆಯಿತು. ಆ ಗೀರು ಕಲಿಸಿದ ಪಾಠವನ್ನೇ ಇಲ್ಲಿ ವಾಚಕರ ಮುಂದಿಡುತ್ತೇವೆ.

ಮೊದಲು ಎರಡು ಯಂತ್ರಗಳ ಭೇದವನ್ನು ತಿಳಿಯಬೇಕು. ಪಾತ್ರೆಯಂಗಡಿಯವನ ಕೈಯಲ್ಲಿರುವುದು ಸಾಮಾನ್ಯವಾಗಿ ಕಂಪಿಸುವ ಲೇಖನಿ. ಅದರ ಮೊನೆ ತಿರುಗುವುದಿಲ್ಲ. ಮೇಲೆ ಕೆಳಗೆ ಕುಟ್ಟುತ್ತ ಚುಕ್ಕೆಗಳ ಸಾಲನ್ನು ಮೂಡಿಸುತ್ತದೆ. ಸ್ಟೀಲಿನ ಡಬ್ಬಿಗಳಿಗೆ ಹೆಸರು ಹಾಕುವುದಷ್ಟೇ ನಿಮ್ಮ ಉದ್ದೇಶವಾದರೆ ಅದೇ ಸಾಕು, ಬೆಲೆಯೂ ಕಡಿಮೆ. ಇನ್ನೊಂದು, ತಿರುಗುವ ಯಂತ್ರ. ಅಮೇರಿಕದ ರಸೀನ್ ಪಟ್ಟಣದಲ್ಲಿ ಆಲ್ಬರ್ಟ್ ಡ್ರೆಮೆಲ್ ಎಂಬವರು 1932ರಲ್ಲಿ ಸ್ಥಾಪಿಸಿದ ಕಾರಖಾನೆಯಿಂದ ಈ ಬಗೆಯ ಯಂತ್ರ ಹೆಸರಾಯಿತು. ಕೆತ್ತುವುದು, ಉಜ್ಜುವುದು, ಕತ್ತರಿಸುವುದು, ಹೊಳಪು ಕೊಡುವುದು ಎಲ್ಲವೂ ಇದರಿಂದ ಸಾಧ್ಯ. ಮರಗೆಲಸ, ಗಾಜಿನ ಕೆಲಸಗಳ ಹವ್ಯಾಸವಿದ್ದವರು ಇದನ್ನೇ ಕೊಳ್ಳುವುದು ಲೇಸು.

ಕೊಳ್ಳುವಾಗ ಮೂರು ಸಂಗತಿಗಳನ್ನು ನೋಡಬೇಕು. ಒಂದನೆಯದು ವೇಗದ ಹತೋಟಿ. ಇಂಥ ಹಲವು ಯಂತ್ರಗಳು ನಿಮಿಷಕ್ಕೆ ಸುಮಾರು 5,000ದಿಂದ 35,000 ಸುತ್ತು ತಿರುಗುತ್ತವೆ. ಒಂದೇ ವೇಗದ ಯಂತ್ರ ಬೇಡ. ಪ್ಲಾಸ್ಟಿಕ್ಕು ಹೆಚ್ಚು ವೇಗಕ್ಕೆ ಕರಗಿ ಬಿಟ್ಟಿಗೆ ಮೆತ್ತಿಕೊಳ್ಳುತ್ತದೆ, ಮರ ಸುಟ್ಟು ಕಪ್ಪಾಗುತ್ತದೆ. ಎರಡನೆಯದು ಬಿಟ್ಟನ್ನು ಕಚ್ಚಿ ಹಿಡಿಯುವ ಕೊಲೆಟ್. 3.2 ಮಿಲಿಮೀಟರು ಮತ್ತು 2.35 ಮಿಲಿಮೀಟರು ದಪ್ಪದ ಕಾಂಡಗಳೆರಡಕ್ಕೂ ಕೊಲೆಟ್‌ಗಳಿದ್ದರೆ ಬಿಟ್ಟುಗಳು ಸುಲಭವಾಗಿ ದೊರೆಯುತ್ತವೆ. ಮೂರನೆಯದು ತೂಕ. ಅಕ್ಷರ ಕೆತ್ತುವವರಿಗೆ ಬಾಗುವ ಕೊಳವೆಯ ಜೋಡಣೆ ಬಹು ಉಪಕಾರಿ: ಮೋಟಾರನ್ನು ಗೂಟಕ್ಕೆ ತೂಗುಹಾಕಿ, ಕೈಯಲ್ಲಿ ಹಗುರಾದ ಹಿಡಿಯನ್ನಷ್ಟೇ ಹಿಡಿಯಬಹುದು. ಮುಂಬಯಿಯವರು ನಾಗದೇವಿ ಬೀದಿಯ ಉಪಕರಣಗಳ ಅಂಗಡಿಗಳಲ್ಲಿ ಕೈಯಲ್ಲಿ ಹಿಡಿದು ನೋಡಿಯೇ ಆರಿಸಲಿ.

ಬಿಟ್ಟುಗಳ ವಿಷಯ ಸರಳ. ಮರಕ್ಕೆ ಉಕ್ಕಿನದು, ಹಿತ್ತಾಳೆಗೂ ಸ್ಟೀಲಿಗೂ ಟಂಗ್‌ಸ್ಟನ್ ಕಾರ್ಬೈಡಿನದು, ಗಾಜಿಗೂ ಕಲ್ಲಿಗೂ ವಜ್ರದ ಪುಡಿ ಲೇಪಿಸಿದ್ದು.

ಇನ್ನು ಬಳಕೆ. ಕೆಲಸ ಮಾಡುವುದು ವೇಗವೇ ಹೊರತು ಕೈಯ ಒತ್ತಡವಲ್ಲ. ಒತ್ತಿದರೆ ಮೋಟಾರು ಮಂದವಾಗುತ್ತದೆ, ಬಿಟ್ಟು ಕಾಯುತ್ತದೆ, ಕೊನೆಗೆ ಜಾರುತ್ತದೆ. ಬಿಟ್ಟನ್ನು ನೆಟ್ಟಗೆ ನಿಲ್ಲಿಸಲೂ ಬಾರದು. ತಿರುಗುವ ಗುಂಡಿನ ತುದಿಯ ನಡುಬಿಂದುವಿಗೆ ವೇಗವೇ ಇಲ್ಲ, ಕತ್ತರಿಸುವುದು ಅದರ ಪಕ್ಕ. ಆದುದರಿಂದ ಲೇಖನಿಯಂತೆ ಓರೆಯಾಗಿ ಹಿಡಿಯಬೇಕು. ತಿರುಗುವ ಬಿಟ್ಟು ಒಂದು ಮಗ್ಗುಲಿಗೆ ಎಳೆಯುತ್ತಲೇ ಇರುತ್ತದೆ. ನಮ್ಮ ಅಕ್ಷರಗಳೋ ಗುಂಡು ಗುಂಡು. ಒಂದೇ ಎಳೆತಕ್ಕೆ ಸುತ್ತು ತರಲು ಹೋಗದೆ ಚಿಕ್ಕ ಚಿಕ್ಕ ಗೀಟುಗಳಲ್ಲಿ, ಎರಡು ಮೂರು ಸಲ ಹಗುರಾಗಿ ಸವರಿ ಆಳ ತರಬೇಕು. ಮೊದಲು ಶಾಯಿಯಿಂದ ಬರೆದುಕೊಳ್ಳಿ. ಹಳೆಯ ತಗಡಿನ ಮೇಲೆ ಕೈ ಪಳಗಿಸಿಕೊಳ್ಳಿ. ಪಾತ್ರೆ ಉರುಳದಂತೆ ಮರಳಿನ ಚೀಲದ ಮೇಲೆ ಕೂಡಿಸಿ, ಕೈಯ ಮಣಿಕಟ್ಟಿಗೆ ಆಸರೆ ಕೊಡಿ. ಹೆಸರು ಕಂಠದ ಕೆಳಗೆ ಹೊರಮೈಯಲ್ಲಿರಲಿ. ಕಲಾಯಿ ಮಾಡಿದ ಒಳಮೈಯನ್ನು ಮುಟ್ಟಬಾರದು.

ಎಚ್ಚರಿಕೆಯ ಮಾತುಗಳನ್ನು ಹೇಳದೆ ಮುಗಿಸಲಾಗದು. ಕಣ್ಣಿಗೆ ಪಕ್ಕಗಳೂ ಮುಚ್ಚುವ ರಕ್ಷಣೆಯ ಕನ್ನಡಕವಿಲ್ಲದೆ ಯಂತ್ರವನ್ನು ಚಾಲೂ ಮಾಡಕೂಡದು. ಓದುವ ಕನ್ನಡಕ ಅದಕ್ಕೆ ಸಾಲದು. ಸೆರಗು, ಶಲ್ಯ, ಬಿಚ್ಚಿದ ಕೂದಲು ಬಿಟ್ಟಿಗೆ ಸುತ್ತಿಕೊಂಡರೆ ಅನಾಹುತ. ತೆಳುವಾದ ಕತ್ತರಿಸುವ ಬಿಲ್ಲೆಯನ್ನು ಅಡ್ಡಕ್ಕೆ ಒತ್ತಿದರೆ ಸಿಡಿದು ಚೂರಾಗುತ್ತದೆ. ಬಿಟ್ಟು ಬದಲಿಸುವ ಮುನ್ನ ಪ್ಲಗ್ಗನ್ನು ಕಿತ್ತಿಡಬೇಕು. ಕಲ್ಲಿನ ಧೂಳಂತೂ ಮೆಲ್ಲಗೆ ಕೊಲ್ಲುವ ಶತ್ರು. ಮಧ್ಯಪ್ರದೇಶದ ಮಂದಸೌರಿನಲ್ಲಿ ಬಳಪ ತಯಾರಿಸುವ ಎಷ್ಟೋ ಜನ ಕೆಲಸಗಾರರು ಅಂಥ ಧೂಳನ್ನು ಉಸಿರಾಡಿಯೇ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗಕ್ಕೆ ತುತ್ತಾದರು. ಆದುದರಿಂದ ಕಲ್ಲನ್ನು ಒದ್ದೆ ಮಾಡಿಕೊಂಡು ಕೆತ್ತಬೇಕು, ಆದರೆ ನೀರು ಯಂತ್ರಕ್ಕೆ ತಾಕಬಾರದು. ಧೂಳು ತಡೆಯುವ ಮುಖವಾಡವನ್ನೂ ಧರಿಸಬೇಕು. ಒಂದೇ ಕೋಣೆಯ ಮನೆಯಲ್ಲಿ, ಮಕ್ಕಳು ಮಲಗುವಲ್ಲಿ ಈ ಕೆಲಸ ಸಲ್ಲದು.

ನಮ್ಮ ತಂಬಿಗೆಯ ಮೇಲೆ ಈಗ ತಾಯಿಯವರ ಹೆಸರು ಮತ್ತೆ ಮೂಡಿದೆ. ಗೀರು ಹಾಗೆಯೇ ಉಳಿದಿದೆ. ಉಜ್ಜಿ ತೆಗೆಯೋಣವೇ ಎಂದು ಕೇಳಿದೆವು. “ಇರಲಿ ಬಿಡೋ, ಅದೂ ನಿನ್ನ ಕೈಬರಹವೇ ಅಲ್ಲವೇ” ಎಂದರು.