ಹಾಲಿಗೂ ಪರೀಕ್ಷೆ, ನಂಬಿಕೆಗೂ ಪರೀಕ್ಷೆ

ಚಾಮರಾಜನಗರ ತಾಲ್ಲೂಕಿನ ಕುದೇರಿನಲ್ಲಿ ಹಾಲು ಒಕ್ಕೂಟದ ಡೇರಿ ಇದೆ. ಡೇರಿಗೆ ಹಾಲು ಹಾಕುವ ಮನೆಯ ಮಕ್ಕಳಿಗೆ ಲ್ಯಾಕ್ಟೋಮೀಟರ್ ಗೊತ್ತು. ನೀರು ಬೆರೆಸಿದ ಹಾಲಿನಲ್ಲಿ ಆ ಗಾಜಿನ ಕೊಳವೆ ಹೆಚ್ಚು ಆಳಕ್ಕೆ ಮುಳುಗುತ್ತದೆ. ಆದರೆ ಹಾಲಿಗೆ ನೀರು ಸೇರಿಸಿದ್ದು ಕೊಳವೆಯಲ್ಲ. ಸೇರಿದ್ದನ್ನು ಅದು ತೋರಿಸುತ್ತದೆ, ಅಷ್ಟೆ. ಒಂದು ಚೊಂಬು ನೀರು ಸುರಿಯುವ ಆಸೆ ಹುಟ್ಟಿದ್ದು ಮನೆಯಲ್ಲೇ.

ಕ್ರೈಸ್ತರ ಧರ್ಮಗ್ರಂಥವಾದ ಬೈಬಲ್ ಹೇಳುವುದೂ ಇದನ್ನೇ. ಪರೀಕ್ಷೆ, ಪ್ರಲೋಭನೆ ಎರಡಕ್ಕೂ ಹೊಸ ಒಡಂಬಡಿಕೆಯ ಮೂಲ ಗ್ರೀಕ್ ಭಾಷೆಯಲ್ಲಿ ಒಂದೇ ಪದ. ಕನ್ನಡ ಬೈಬಲ್ಲಿನಲ್ಲಿ ಅದು ‘ಶೋಧನೆ’. ಸೋಸುವುದು ಎಂಬ ಅರ್ಥವೂ ಈ ಪದಕ್ಕಿದೆ. ನಂಬಿಕೆ ಪರೀಕ್ಷೆಗೊಳಗಾದಾಗ ತಾಳ್ಮೆ ಬೆಳೆಯುತ್ತದೆ, ಆದರೆ ಕೆಟ್ಟದ್ದರ ಕಡೆಗೆ ಸೆಳೆಯುವವನು ದೇವರಲ್ಲ, ಮನುಷ್ಯನ ಸ್ವಂತ ಆಸೆಯೇ ಎನ್ನುತ್ತದೆ ಯಾಕೋಬನ ಪತ್ರಿಕೆ.

ಇದಕ್ಕೆ ದೊಡ್ಡ ನಿದರ್ಶನ ಯೇಸುವಿನದೇ. ಅಡವಿಯಲ್ಲಿ 40 ದಿನ ಉಪವಾಸವಿದ್ದ ಯೇಸುವಿನ ಬಳಿಗೆ ಸೈತಾನ ಬಂದದ್ದು ಹಸಿವಾದ ಮೇಲೆ. ಕಲ್ಲನ್ನು ರೊಟ್ಟಿ ಮಾಡಿಕೊ ಎಂಬುದು ಅವನ ಮೊದಲ ಸಲಹೆ. ಹಸಿದವನು ರೊಟ್ಟಿ ತಿನ್ನುವುದು ತಪ್ಪೇ? ಪ್ರಲೋಭನೆ ಬರುವುದು ಹೀಗೆಯೇ, ನ್ಯಾಯವಾದ ಕಾರಣ ಹೊತ್ತುಕೊಂಡು! ಮುಂದೆ ದೇವಾಲಯದ ತುದಿಯಿಂದ ಧುಮುಕು ಎಂದ. ತನಗೆ ಅಡ್ಡಬಿದ್ದರೆ ಲೋಕದ ರಾಜ್ಯಗಳನ್ನೆಲ್ಲ ಕೊಡುವೆ ಎಂದ.

ಯೇಸು ಪವಾಡ ಮಾಡಲಿಲ್ಲ. ಮೂರು ಸಲವೂ ಧರ್ಮೋಪದೇಶಕಾಂಡದ ಮಾತುಗಳಿಂದಲೇ ಉತ್ತರಿಸಿದ. ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ ಇನ್ನೊಂದಿದೆ: ಸೈತಾನನಿಗೂ ಶಾಸ್ತ್ರ ಬಾಯಿಪಾಠ! ಧುಮುಕು ಎನ್ನುವಾಗ ಅವನು ಉದಾಹರಿಸಿದ್ದು ಕೀರ್ತನೆಗಳ ಗ್ರಂಥವನ್ನೇ. ಬಾಯಿಗೆ ಬಂದರೆ ಸಾಲದು, ಬಾಳಿಗೆ ಇಳಿಯಬೇಕು. ಉತ್ತರವನ್ನು ಪರೀಕ್ಷೆಯ ದಿನ ಹುಡುಕಿದರೆ ಸಿಗದು. ಅದು ಮೊದಲೇ ಒಳಗಿರಬೇಕು.

ಹಾಗೆಂದು ಸೋತವರಿಗೆ ದಾರಿಯಿಲ್ಲವೇ? ಪ್ರಾಣ ಹೋದರೂ ಕೈಬಿಡೆನೆಂದ ಶಿಷ್ಯ ಪೇತ್ರ, ಕೋಳಿ ಕೂಗುವ ಮುನ್ನ ಮೂರು ಸಲ ಯೇಸುವನ್ನು ಅರಿಯೆನೆಂದ. ಆಮೇಲೆ ಬಿಕ್ಕಿಬಿಕ್ಕಿ ಅತ್ತ. ಅವನನ್ನು ಹೊರಗಟ್ಟಲಿಲ್ಲ, ತನ್ನ ಕುರಿಗಳನ್ನು ಮೇಯಿಸುವ ಹೊಣೆಯನ್ನೇ ಯೇಸು ಅವನಿಗೆ ಒಪ್ಪಿಸಿದ.

ಪರೀಕ್ಷಾ ಕೊಠಡಿಯಲ್ಲಿ ಪಕ್ಕದವನ ಉತ್ತರಪತ್ರಿಕೆ ಕಣ್ಣಿಗೆ ಬೀಳುತ್ತದೆ. ‘ಅಪ್ಪನಿಗೆ ಬೇಸರವಾಗಬಾರದಲ್ಲ’ ಎಂದು ಮನಸ್ಸು ನ್ಯಾಯವಾದ ಕಾರಣವನ್ನೇ ಹುಡುಕುತ್ತದೆ. ಆ ಕಾರಣವನ್ನು ಇಲ್ಲದಂತೆ ಮಾಡುವುದು ತಂದೆತಾಯಿಯ ಕೈಯಲ್ಲಿದೆ. ಬೆಳಿಗ್ಗೆ ಮಗು ಹೊರಡುವಾಗ ‘ಅಂಕ ಕಡಿಮೆಯಾದರೂ ಚಿಂತೆಯಿಲ್ಲ, ನಿನಗೆ ಗೊತ್ತಿದ್ದಷ್ಟು ಬರೆದು ಬಾ’ ಎಂದರೆ ಸಾಕು.