ಬಣ್ಣದ ಕೆಳಗಿನ ಬಣ್ಣ: ಸೀಬಿಯ ಛಾವಣಿಯಿಂದ ಗುಬ್ಬಿಯ ಪರದೆಯವರೆಗೆ

ತುಮಕೂರಿನಿಂದ ಶಿರಾ ಕಡೆಗೆ ಹೋಗುವ ದಾರಿಯಲ್ಲಿ ಸೀಬಿ ನರಸಿಂಹಸ್ವಾಮಿ ದೇವಸ್ಥಾನವಿದೆ. ಟಿಪ್ಪು ಸುಲ್ತಾನನ ಆಡಳಿತದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಕಚೇರಿ ಕೃಷ್ಣಪ್ಪನವರ ಮಕ್ಕಳು ಲಕ್ಷ್ಮೀನರಸಪ್ಪ, ಪುಟ್ಟಣ್ಣ ಮತ್ತು ನಲ್ಲಪ್ಪ 18ನೇ ಶತಮಾನದ ಕೊನೆಯ ಭಾಗದಲ್ಲಿ ಕಟ್ಟಿಸಿದ ಗುಡಿ ಇದು. ಮಂಟಪದ ಛಾವಣಿಯ ತುಂಬ ಚಿತ್ರಗಳು. ಪುರಾಣದ ಪ್ರಸಂಗಗಳಿವೆ, ಆಸ್ಥಾನದ ವೈಭವವಿದೆ, ಜನಜೀವನದ ನೋಟಗಳಿವೆ. ಕತ್ತೆತ್ತಿ ನೋಡುವವರಿಗೆ ಕಾಣುವುದು ಎಲ್ಲಕ್ಕಿಂತ ಮೇಲಿನ ಬಣ್ಣ ಮಾತ್ರ. ಅದನ್ನು ಇನ್ನೂರು ವರ್ಷ ಹಿಡಿದಿಟ್ಟಿರುವುದು ಅದರ ಹಿಂದೆ ಅಡಗಿರುವ ಗಾರೆ, ಸುಣ್ಣ, ಗೆರೆ ಮತ್ತು ಅಂಟು.

ಪದರದ ಮೇಲೆ ಪದರವಿಟ್ಟು, ಒಂದಕ್ಕಿಂತ ಹೆಚ್ಚು ಸಾಮಗ್ರಿ ಬೆರೆಸಿ ಚಿತ್ರ ಮಾಡುವುದನ್ನು ಇಂದು ಕಲಾಶಾಲೆಗಳಲ್ಲಿ ಮಿಶ್ರ ಮಾಧ್ಯಮ ಎನ್ನುತ್ತಾರೆ. ಪದ ಹೊಸದಾದರೂ ಕೆಲಸ ನಮಗೆ ಹಳೆಯದು. ಇದರ ಹಿಂದೆ ಸ್ಪಷ್ಟವಾದ ರಸಾಯನ ವಿಜ್ಞಾನ ಮತ್ತು ಭೌತ ವಿಜ್ಞಾನ ಇವೆ. ಒಂದು ಪದರ ಹೇಗೆ ಒಣಗುತ್ತದೆ, ಎಷ್ಟು ಕುಗ್ಗುತ್ತದೆ, ಬೆಳಕನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದನ್ನು ಅರಿತು ಮುಂದಿನದನ್ನು ಹಚ್ಚಿದರೆ ಚಿತ್ರ ಬಾಳುತ್ತದೆ. ಅರಿಯದೆ ಹಚ್ಚಿದರೆ ಕೆಲವೇ ವರ್ಷಗಳಲ್ಲಿ ಬಿರಿಯುತ್ತದೆ.

ಸುಣ್ಣ ಮತ್ತೆ ಕಲ್ಲಾಗುವ ಬಗೆ

ದಕ್ಷಿಣ ಭಾರತದ ಗುಡಿಗಳ ಭಿತ್ತಿಚಿತ್ರಗಳಲ್ಲಿ ಕಲ್ಲಿನ ಮೇಲೆ ಮೊದಲು ಬರುವುದು ಮರಳು ಬೆರೆಸಿದ ಒರಟು ಗಾರೆ. ಅದರ ಮೇಲೆ ನಯವಾದ ಸುಣ್ಣದ ಲೇಪ. ತುಮಕೂರು ಜಿಲ್ಲೆಯ ಗಡಿಯಾಚೆ, ಹಿಂದೂಪುರದ ಬಳಿಯ ಲೇಪಾಕ್ಷಿಯಲ್ಲಿರುವ 16ನೇ ಶತಮಾನದ ವಿಜಯನಗರ ಕಾಲದ ಚಿತ್ರಗಳೂ ಇಂಥ ಗಾರೆಯ ಮೇಲೆಯೇ ನಿಂತಿವೆ.

ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಕುದಿಯುವಷ್ಟು ಬಿಸಿಯಾಗಿ ಅರಳುತ್ತದೆ. ಅರಳಿದ ಸುಣ್ಣವನ್ನು ಗೋಡೆಗೆ ಬಳಿದ ಮೇಲೆ ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಹೊರಟ ಜಾಗಕ್ಕೇ ಮರಳಿ, ಸುಣ್ಣ ಪುನಃ ಕಲ್ಲಾಗುತ್ತದೆ. ಈ ಕೆಲಸ ಹೊರಮೈಯಿಂದ ಒಳಕ್ಕೆ ಸಾಗುವುದರಿಂದ ದಪ್ಪ ಗಾರೆ ಪೂರ್ತಿ ಗಟ್ಟಿಯಾಗಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ತೆಳುವಾಗಿ, ಹಲವು ಸಲ ಬಳಿದ ಸುಣ್ಣ ಒಮ್ಮೆಗೇ ದಪ್ಪಗೆ ಮೆತ್ತಿದ ಸುಣ್ಣಕ್ಕಿಂತ ಬಿಗಿಯಾಗಿ ನಿಲ್ಲುವುದು ಇದೇ ಕಾರಣಕ್ಕೆ.

ಹಸಿ ಸುಣ್ಣ ತೀವ್ರ ಕ್ಷಾರೀಯ. ಸುಣ್ಣದ ತಿಳಿನೀರಿನ ಪಿಎಚ್ 12ರ ಮೇಲಿರುತ್ತದೆ. ಈ ಕ್ಷಾರದಲ್ಲಿ ಗಿಡಮೂಲದ ಅನೇಕ ಬಣ್ಣಗಳು ಕೆಡುತ್ತವೆ, ಮಣ್ಣಿನ ಬಣ್ಣಗಳು ಕೆಡುವುದಿಲ್ಲ. ನಮ್ಮ ಕಡೆ ಸಾಮಾನ್ಯವಾಗಿ ಗಾರೆ ಒಣಗಿದ ಮೇಲೆ ಅಂಟು ಬೆರೆಸಿದ ಬಣ್ಣ ಹಚ್ಚುತ್ತಿದ್ದರು. ಇದರಿಂದ ಬಣ್ಣಗಳ ಆಯ್ಕೆ ವಿಸ್ತಾರವಾಯಿತು. ಆದರೆ ಬಣ್ಣ ಗೋಡೆಯ ಸುಣ್ಣದೊಳಗೆ ಬೆಸೆದುಕೊಳ್ಳದೆ ಅಂಟಿನ ಬಲದಲ್ಲೇ ನಿಂತಿತು. ಇಂಥ ಚಿತ್ರವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಅಂಟು ಕರಗಿ ಬಣ್ಣವೂ ಬಟ್ಟೆಗೆ ಬರುತ್ತದೆ.

ಕೆಮ್ಮಣ್ಣು ಮತ್ತು ಹುಣಸೆಯ ಇದ್ದಿಲು

ಕುಣಿಗಲ್ ಕಡೆಯ ಹೊಲಗಳ ಕೆಂಪಿಗೆ ಕಾರಣ ಕಬ್ಬಿಣದ ಆಕ್ಸೈಡ್. ಚಿಕ್ಕನಾಯಕನಹಳ್ಳಿ ಭಾಗದಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರೇ ಇದೆ. ಇದೇ ಕಬ್ಬಿಣ ಹೆಮಟೈಟ್ ರೂಪದಲ್ಲಿ ಕೆಂಪು, ನೀರಿನ ಅಂಶ ಸೇರಿದ ಗೋಥೈಟ್ ರೂಪದಲ್ಲಿ ಹಳದಿ. ಹಳದಿ ಮಣ್ಣನ್ನು ಸುಟ್ಟರೆ ನೀರು ಹೋಗಿ ಅದು ಕೆಂಪಾಗುತ್ತದೆ. ಇವು ಬಿಸಿಲಿಗೆ ಮಾಸುವುದಿಲ್ಲ, ಗಾಳಿಯಲ್ಲಿ ಕೆಡುವುದೂ ಇಲ್ಲ. ಆಮ್ಲಜನಕದೊಂದಿಗೆ ಆಗಬೇಕಾದ ಕ್ರಿಯೆ ಅವುಗಳಲ್ಲಿ ಆಗಲೇ ಮುಗಿದಿದೆ.

ಬಣ್ಣಕ್ಕೂ ಮೊದಲು ಗೆರೆ ಬೀಳಬೇಕು. ಮೈಸೂರು ಶೈಲಿಯ ಚಿತ್ರಕಾರರು ಹುಣಸೆಯ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು ಇದ್ದಿಲ ಕಡ್ಡಿ ಮಾಡಿಕೊಳ್ಳುತ್ತಿದ್ದರು. ಮುಚ್ಚಿದ ಕೊಳವೆಯಲ್ಲಿ ಗಾಳಿ ಸಾಲದ್ದರಿಂದ ಕಡ್ಡಿ ಬೂದಿಯಾಗದೆ ಇಂಗಾಲವಾಗಿ ಉಳಿಯುತ್ತದೆ. ಹುಣಸೆಗೆ ಹೆಸರಾದ ತುಮಕೂರು ಸೀಮೆಯವರಿಗೆ ಈ ಮರದ ಇನ್ನೊಂದು ಉಪಯೋಗವೂ ತಿಳಿದಿರಲಿ: ಹುಣಸೆ ಬೀಜದ ತಿರುಳಿನಲ್ಲಿ ಕ್ಸೈಲೊಗ್ಲೂಕಾನ್ ಎಂಬ ಪಿಷ್ಟದಂಥ ವಸ್ತುವಿದೆ, ಬಿಸಿನೀರಿನಲ್ಲಿ ಅದು ಒಳ್ಳೆಯ ಅಂಟಾಗುತ್ತದೆ. ಒಡಿಶಾದ ಪಟಚಿತ್ರಕಾರರು ಇದೇ ಅಂಟಿನಿಂದ ಬಟ್ಟೆಯ ಪದರಗಳನ್ನು ಕೂಡಿಸಿ, ಮೇಲೆ ಸೀಮೆಸುಣ್ಣದ ಪುಡಿ ಬಳಿದು ಚಿತ್ರಕ್ಕೆ ನೆಲ ಸಿದ್ಧ ಮಾಡುತ್ತಾರೆ.

ಬೆಳಕು ಎಲ್ಲಿಂದ ಹಿಂದಿರುಗುತ್ತದೆ?

ಮನೆಗೆ ಸುಣ್ಣ ಬಳಿದವರಿಗೆ ಗೊತ್ತು: ಬಳಿಯುವಾಗ ಗೋಡೆ ಬೆಳ್ಳಗಾಗಿರುವುದಿಲ್ಲ, ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಬೆಳಕು ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುವಾಗ ಎರಡರ ವಕ್ರೀಭವನ ಸೂಚ್ಯಂಕದ ಅಂತರ ಹೆಚ್ಚಿದ್ದಷ್ಟೂ ಹೆಚ್ಚು ಬೆಳಕು ಚದುರುತ್ತದೆ. ಗಾಳಿಯ ಸೂಚ್ಯಂಕ 1, ನೀರಿನದು 1.33, ಸುಣ್ಣದ ಕಣದ್ದು ಸುಮಾರು 1.6. ಕಣಗಳ ನಡುವೆ ನೀರಿದ್ದಾಗ ಅಂತರ ಕಡಿಮೆ, ಬೆಳಕು ಒಳಗೆ ನುಗ್ಗಿ ಹಿಂದಿನ ಗೋಡೆಯನ್ನು ತೋರಿಸುತ್ತದೆ. ನೀರು ಆರಿ ಗಾಳಿ ಬಂದು ಕೂತಾಗ ಅಂತರ ಹೆಚ್ಚಿ, ಬೆಳಕು ಚದುರಿ, ಬಿಳುಪು ಮೂಡುತ್ತದೆ. ಮೊದಲ ಮಳೆಗೆ ಕೆಂಪು ನೆಲ ಗಾಢವಾಗುವುದಕ್ಕೂ ಇದೇ ಕಾರಣ.

ಚಿತ್ರಕಾರನಿಗೆ ಇದು ದೊಡ್ಡ ಪಾಠ. ಅಗಸೆ ಎಣ್ಣೆಯ ಸೂಚ್ಯಂಕ 1.48ರಷ್ಟು. ಸೀಮೆಸುಣ್ಣವನ್ನು ಎಣ್ಣೆಯಲ್ಲಿ ಕಲಸಿದರೆ ಅದು ಬೆಳ್ಳಗಿರದೆ ಅರೆಪಾರದರ್ಶಕವಾಗುತ್ತದೆ. ಸತುವಿನ ಆಕ್ಸೈಡ್‌ನದು 2ರ ಹತ್ತಿರ, ಟೈಟಾನಿಯಂ ಡೈಆಕ್ಸೈಡ್‌ನದು 2.7ರ ಹತ್ತಿರ. ಆದ್ದರಿಂದ ಟೈಟಾನಿಯಂ ಬಿಳಿ ಯಾವ ಅಂಟಿನಲ್ಲಿ ಕಲಸಿದರೂ ಕೆಳಗಿನದನ್ನು ಪೂರ್ತಿ ಮುಚ್ಚುತ್ತದೆ.

ಮುಚ್ಚದ ಬಣ್ಣಗಳಿಗೂ ಅವುಗಳದೇ ಬೆಲೆಯಿದೆ. ಬಿಳಿ ನೆಲದ ಮೇಲೆ ತೆಳುವಾದ ಪಾರದರ್ಶಕ ಕೆಂಪು ಹಚ್ಚಿದರೆ ಬೆಳಕು ಕೆಂಪನ್ನು ದಾಟಿ, ಬಿಳಿಗೆ ತಾಗಿ, ಮತ್ತೆ ಕೆಂಪನ್ನು ದಾಟಿ ಕಣ್ಣಿಗೆ ಬರುತ್ತದೆ. ಒಂದೇ ಪದರವನ್ನು ಎರಡು ಸಲ ಹಾಯ್ದು ಬಂದ ಬೆಳಕಿನಲ್ಲಿ ಬಣ್ಣ ಆಳವಾಗಿ ಹೊಳೆಯುತ್ತದೆ. ಅದೇ ಕೆಂಪನ್ನು ತಟ್ಟೆಯಲ್ಲೇ ಬಿಳಿಯೊಂದಿಗೆ ಕಲಸಿ ಹಚ್ಚಿದರೆ ಸಿಗುವುದು ಮಂಕು ಗುಲಾಬಿ. ಲಿಯೊನಾರ್ಡೊ ಡ ವಿಂಚಿಯ ಕೃತಿಗಳನ್ನು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಎಕ್ಸ್‌-ಕಿರಣ ಪ್ರತಿದೀಪ್ತಿಯಿಂದ ಪರೀಕ್ಷಿಸಿದ ಫಿಲಿಪ್ ವಾಲ್ಟರ್ ತಂಡ 2010ರಲ್ಲಿ ಪ್ರಕಟಿಸಿದ ಫಲಿತಾಂಶ ಬೆರಗು ಹುಟ್ಟಿಸುವಂಥದ್ದು. ಮೊನಾಲಿಸಾಳ ಮುಖದ ನೆರಳಿನಲ್ಲಿ ಒಂದೆರಡು ಮೈಕ್ರಾನ್‌ನಷ್ಟು ತೆಳುವಾದ ಲೇಪಗಳು ಒಂದರ ಮೇಲೊಂದಿವೆ. ಎಲ್ಲ ಸೇರಿ 30ರಿಂದ 40 ಮೈಕ್ರಾನ್, ನಮ್ಮ ತಲೆಗೂದಲಿನ ದಪ್ಪಕ್ಕಿಂತ ಕಡಿಮೆ.

ಗುಬ್ಬಿಯ ಪರದೆ

1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ ಮುಂದೆ ಗುಬ್ಬಿ ವೀರಣ್ಣನವರ ನೇತೃತ್ವದಲ್ಲಿ ನಾಡಿನಲ್ಲೇ ಹೆಸರಾಯಿತು. ‘ಕುರುಕ್ಷೇತ್ರ’ ನಾಟಕದಲ್ಲಿ ಆನೆ, ಕುದುರೆಗಳನ್ನೇ ರಂಗಕ್ಕೆ ತಂದ ಕಂಪನಿ ಅದು. ಆ ಕಾಲದ ಕಂಪನಿ ನಾಟಕಗಳಲ್ಲಿ ಅರಮನೆ, ಕಾಡು, ಬೀದಿಗಳೆಲ್ಲ ಚಿತ್ರಿಸಿದ ಪರದೆಗಳಾಗಿ ಇಳಿಯುತ್ತಿದ್ದವು.

ಪರದೆಯ ಚಿತ್ರಕ್ಕೆ ಗೋಡೆಯ ಚಿತ್ರಕ್ಕಿಲ್ಲದ ಕಷ್ಟವಿದೆ. ಅದನ್ನು ಸುತ್ತಬೇಕು, ಬಿಚ್ಚಬೇಕು, ಊರೂರಿಗೆ ಸಾಗಿಸಬೇಕು. ಜೊತೆಗೆ ದೀಪದ ಬೆಳಕು ಎದುರಿನಿಂದ ಬಿದ್ದಾಗ ಅದು ಹೊಳೆಯಬಾರದು. ರಂಗಪರದೆಗಳ ರೂಢಿಯ ವಿಧಾನ ಎರಡಕ್ಕೂ ಉತ್ತರ ಕೊಡುತ್ತದೆ. ಮೊದಲು ಬಟ್ಟೆಗೆ ಬಿಸಿ ಸರೇಸು (ಪ್ರಾಣಿಮೂಲದ ಅಂಟು) ಮತ್ತು ಸೀಮೆಸುಣ್ಣದ ತೆಳು ಲೇಪ, ನೂಲಿನ ಸಂದುಗಳು ತುಂಬಿಕೊಳ್ಳಲು. ಆಮೇಲೆ ಪುಡಿಬಣ್ಣವನ್ನು ತಿಳಿ ಸರೇಸಿನಲ್ಲಿ ಕಲಸಿ ಚಿತ್ರ. ಅಂಟು ಕಡಿಮೆಯಾದ್ದರಿಂದ ಒಣಗಿದ ಮೇಲೆ ಕಣಗಳ ನಡುವೆ ಗಾಳಿ ಉಳಿಯುತ್ತದೆ. ಬೆಳಕು ಎಲ್ಲ ದಿಕ್ಕಿಗೂ ಚದುರಿ, ಹೊಳಪಿಲ್ಲದ ಸಮನಾದ ಬಣ್ಣ ಹಿಂದಿನ ಸಾಲಿನವರಿಗೂ ಕಾಣುತ್ತದೆ. ಹಸಿಯಲ್ಲಿ ಗಾಢವಾಗಿದ್ದ ಬಣ್ಣ ಒಣಗಿದಾಗ ತಿಳಿಯಾಗುವುದನ್ನು ಚಿತ್ರಕಾರ ಮುಂಚೆಯೇ ಲೆಕ್ಕ ಹಾಕಿರಬೇಕು.

ಸರೇಸು ನೀರಿಗೆ ಕರಗುವುದರಿಂದ ಎರಡನೇ ಸಲ ಕುಂಚ ಉಜ್ಜಿದರೆ ಕೆಳಗಿನ ಪದರ ಎದ್ದುಬರುತ್ತದೆ. ಸರೇಸಿಗೆ ಸ್ವಲ್ಪ ಪಟಿಕ ಸೇರಿಸಿದರೆ ಅದರ ಪ್ರೋಟೀನ್ ಎಳೆಗಳು ಪರಸ್ಪರ ಕಟ್ಟಿಕೊಂಡು ಗಟ್ಟಿಯಾಗುತ್ತವೆ. ಮೇಲಿನ ಪದರದಲ್ಲಿ ಅಂಟು ಹೆಚ್ಚಾದರೆ ಮತ್ತೊಂದು ಅಪಾಯ: ಅದು ಒಣಗುತ್ತ ಕುಗ್ಗಿ, ಕೆಳಗಿನ ದುರ್ಬಲ ಪದರವನ್ನು ಕಿತ್ತುಕೊಂಡೇ ಮೇಲೇಳುತ್ತದೆ.

ಬಂಗಾರದ ಕೆಳಗಿನ ಹಳದಿ

ಕರ್ನಾಟಕದಲ್ಲಿ ಮಿಶ್ರ ಮಾಧ್ಯಮದ ಪರಿಪೂರ್ಣ ಉದಾಹರಣೆ ಮೈಸೂರು ಸಾಂಪ್ರದಾಯಿಕ ಚಿತ್ರ. ಹಲಗೆಯ ಮೇಲೆ ಬಟ್ಟೆ ಅಥವಾ ಕಾಗದ, ಅದರ ಮೇಲೆ ಇದ್ದಿಲಿನ ಕರಡು, ಆಮೇಲೆ ಬಣ್ಣ, ಆಭರಣ ಮತ್ತು ಕಂಬಗಳ ಜಾಗದಲ್ಲಿ ಉಬ್ಬು ಕೆಲಸ, ಅದರ ಮೇಲೆ ಬಂಗಾರದ ರೇಕು. ಉಬ್ಬಿನ ಮಿಶ್ರಣದಲ್ಲಿ ಸಫೇದ ಎಂಬ ಬಿಳಿ ಪುಡಿ ಮತ್ತು ಅಂಟಿನ ಜೊತೆ ರೇವಲಚಿನ್ನಿ ಹಾಲು ಎಂಬ, ಮರದಿಂದ ಬರುವ ಹಳದಿ ಅಂಟು ಇರುತ್ತದೆ.

ಈ ಹಳದಿಗೆ ಬೆಳಕಿನ ಲೆಕ್ಕದಲ್ಲೂ ಕೆಲಸವಿದೆ. ಬಡಿದ ಬಂಗಾರದ ರೇಕು ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗದಷ್ಟು ತೆಳು. ಬೆಳಕಿಗೆ ಹಿಡಿದರೆ ಅದರ ಮೂಲಕ ಹಸಿರು ಛಾಯೆ ತೂರಿಬರುತ್ತದೆ. ಇಷ್ಟು ತೆಳುವಾದ ರೇಕಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಇದ್ದೇ ಇರುತ್ತವೆ. ಕೆಳಗೆ ಬಿಳಿ ಇದ್ದರೆ ಅವು ಎದ್ದು ಕಾಣುತ್ತವೆ, ಹಳದಿ ಇದ್ದರೆ ಬಂಗಾರದಲ್ಲಿ ಬೆರೆತುಹೋಗುತ್ತವೆ. ಬಂಗಾರ ಗಾಳಿಯೊಂದಿಗೆ ಕ್ರಿಯೆ ನಡೆಸದ್ದರಿಂದ ರೇಕಿನ ಹೊಳಪು ಮಾಸುವುದಿಲ್ಲ. ಚಿತ್ರ ಕೆಡುವುದಾದರೆ ಕೆಳಗಿನ ಅಂಟಿನಿಂದ ಕೆಡುತ್ತದೆ.

ಯಾವುದರ ಮೇಲೆ ಯಾವುದು?

ಇಂದಿನ ವಿದ್ಯಾರ್ಥಿಯ ಮೇಜಿನ ಮೇಲೆ ಪೆನ್ಸಿಲ್, ಇದ್ದಿಲು, ಮೇಣದ ಬಣ್ಣ, ಜಲವರ್ಣ, ಅಕ್ರಿಲಿಕ್, ತೈಲವರ್ಣ ಎಲ್ಲವೂ ಇವೆ. ಇವು ಒಣಗುವ ರೀತಿ ಬೇರೆಬೇರೆ. ಜಲವರ್ಣದಲ್ಲಿ ನೀರು ಆರಿದರೆ ಸಾಕು, ಆದರೆ ನೀರು ತಾಗಿದರೆ ಬಣ್ಣ ಮತ್ತೆ ಕರಗುತ್ತದೆ. ಅಕ್ರಿಲಿಕ್‌ನಲ್ಲಿ ನೀರು ಆರಿದಂತೆ ಪ್ಲಾಸ್ಟಿಕ್ ಕಣಗಳು ಒಂದಕ್ಕೊಂದು ಬೆಸೆದು ಪೊರೆಯಾಗುತ್ತವೆ, ಅದು ಮತ್ತೆ ನೀರಿಗೆ ಕರಗದು. ತೈಲವರ್ಣ ಆರುವುದೇ ಇಲ್ಲ. ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ, ಮೊದಮೊದಲು ಅದರ ತೂಕವೂ ಹೆಚ್ಚುತ್ತದೆ. ಮುಟ್ಟಿದರೆ ಒಣಗಿದಂತಿದ್ದರೂ ಒಳಗಿನ ಬದಲಾವಣೆ ವರ್ಷಗಟ್ಟಲೆ ನಡೆಯುತ್ತದೆ.

ಹೀಗಾಗಿ ಅಕ್ರಿಲಿಕ್ ಮೇಲೆ ತೈಲವರ್ಣ ಹಚ್ಚಬಹುದು, ತೈಲವರ್ಣದ ಮೇಲೆ ಅಕ್ರಿಲಿಕ್ ಹಚ್ಚಬಾರದು. ನೀರಿನ ಬಣ್ಣ ಎಣ್ಣೆಯ ಮೈಗೆ ಹಿಡಿಯದೆ ಸಿಪ್ಪೆಯೇಳುತ್ತದೆ. ತೈಲವರ್ಣದ ಪದರಗಳಲ್ಲಿ ಎಣ್ಣೆ ಕಡಿಮೆ ಇರುವುದು ಕೆಳಗೆ, ಹೆಚ್ಚು ಇರುವುದು ಮೇಲೆ ಬರಲಿ; ಕೆಳಗಿನದು ಅಲುಗಿದರೆ ಮೇಲಿನದು ಬಿರಿಯದೆ ಬಾಗಬೇಕು. ಮೇಣದ ಬಣ್ಣದಿಂದ ಮೊದಲು ಗೆರೆ ಎಳೆದು ಮೇಲೆ ಜಲವರ್ಣ ಹರಿಸಿದರೆ ಮೇಣ ನೀರನ್ನು ದೂರವಿಟ್ಟು ಗೆರೆ ತಾನೇ ಎದ್ದು ನಿಲ್ಲುತ್ತದೆ. ಇದ್ದಿಲಿನ ಪುಡಿಗೆ ಅಂಟಿಲ್ಲ, ಅದನ್ನು ತೆಳು ಅಂಟಿನ ಸಿಂಪಡಣೆಯಿಂದ ನಿಲ್ಲಿಸಿಯೇ ಮುಂದಕ್ಕೆ ಹೋಗಬೇಕು. ಅರಗು ಸೇರಿದ ಕಪ್ಪು ಶಾಯಿ ಒಣಗಿದ ಮೇಲೆ ನೀರಿಗೆ ಜಗ್ಗುವುದಿಲ್ಲ, ಅದರ ಮೇಲೆ ಜಲವರ್ಣ ನಿರಾತಂಕವಾಗಿ ಹಚ್ಚಬಹುದು.

ಉಳಿಸುವ ಹೊಣೆ

ಒಳಪದರಗಳನ್ನು ನೋಡುವ ವಿದ್ಯೆ ಈಗ ಬೆಳೆದಿದೆ. ಅವರಕ್ತ ಕಿರಣಗಳು ಅನೇಕ ಬಣ್ಣಗಳನ್ನು ದಾಟಿಹೋಗುತ್ತವೆ, ಇದ್ದಿಲಿನ ಇಂಗಾಲ ಮಾತ್ರ ಅವನ್ನು ಹೀರುತ್ತದೆ. ಅದರಿಂದ ಬಣ್ಣದ ಅಡಿಯಲ್ಲಿ ಹೂತ ಕರಡು ಗೆರೆ ಕ್ಯಾಮೆರಾದಲ್ಲಿ ಮೂಡುತ್ತದೆ. ಎಕ್ಸ್‌-ಕಿರಣ ಪ್ರತಿದೀಪ್ತಿ ಚಿತ್ರವನ್ನು ಮುಟ್ಟದೆಯೇ ಸೀಸ, ಕಬ್ಬಿಣ, ಇಂಗಲೀಕದ ಪಾದರಸಗಳನ್ನು ಗುರುತಿಸುತ್ತದೆ. 18ನೇ ಶತಮಾನದ ಚಿತ್ರದಲ್ಲಿ ಟೈಟಾನಿಯಂ ಬಿಳಿ ಸಿಕ್ಕರೆ ಅದು 20ನೇ ಶತಮಾನದಲ್ಲಿ ಬಂದ ಬಣ್ಣವಾದ್ದರಿಂದ ಆ ಭಾಗವನ್ನು ಯಾರೋ ಆಮೇಲೆ ತಿದ್ದಿದ್ದಾರೆ ಎಂದೇ ಅರ್ಥ.

ಹಳೆಯ ಗುಡಿ, ಛತ್ರ, ಮನೆಗಳ ಭಿತ್ತಿಚಿತ್ರಗಳಿಗೆ ದೊಡ್ಡ ಕೇಡು ಭಕ್ತಿಯಿಂದ ಮಾಡುವ ಜೀರ್ಣೋದ್ಧಾರದಿಂದಲೇ ಆಗುತ್ತಿದೆ. ಸುಣ್ಣದ ಗಾರೆಯಲ್ಲಿ ತೇವ ಬಂದು ಹೋಗುತ್ತಿರಬೇಕು. ಅದರ ಮೇಲೆ ಎನಾಮಲ್ ಅಥವಾ ಪ್ಲಾಸ್ಟಿಕ್ ಬಣ್ಣ ಬಳಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ನೀರಿನೊಂದಿಗೆ ಬಂದ ಲವಣಗಳು ಬಣ್ಣದ ಹಿಂದೆ ಹರಳುಗಟ್ಟಿ, ಚಿತ್ರವನ್ನು ಗಾರೆಸಮೇತ ಹೊರಕ್ಕೆ ನೂಕುತ್ತವೆ. ದೀಪದ ಮಸಿ ತೆಗೆಯಲೆಂದು ಸೋಪು ನೀರು ಹಾಕಿದರೆ ಅಂಟೇ ಕರಗಿಹೋಗುತ್ತದೆ. ಎಣ್ಣೆ ಸವರಿದರೆ ಒಂದು ದಿನ ಬಣ್ಣ ಹೊಳೆದು, ಮುಂದೆ ಧೂಳು ಹಿಡಿದು ಶಾಶ್ವತವಾಗಿ ಕಪ್ಪಾಗುತ್ತದೆ.

ದೇವಸ್ಥಾನ ಸಮಿತಿಯವರಲ್ಲಿ, ಊರಿನ ಹಿರಿಯರಲ್ಲಿ ನನ್ನ ಮನವಿ ಇಷ್ಟು: ಹಳೆಯ ಚಿತ್ರವಿರುವ ಗೋಡೆಗೆ ನೀರು, ಸೋಪು, ಎಣ್ಣೆ, ಹೊಸ ಬಣ್ಣ ಯಾವುದನ್ನೂ ಸೋಕಿಸಬೇಡಿ. ಮೊದಲು ಛಾವಣಿಯ ಸೋರಿಕೆ ನಿಲ್ಲಿಸಿ, ದೀಪವನ್ನು ಚಿತ್ರದಿಂದ ದೂರವಿಡಿ, ಆಮೇಲೆ ಪುರಾತತ್ವ ಇಲಾಖೆಯ ಸಂರಕ್ಷಣಾ ತಜ್ಞರನ್ನು ಕರೆಸಿ. ತುಮಕೂರು, ಗುಬ್ಬಿ, ಕುಣಿಗಲ್‌ಗಳ ಚಿತ್ರಕಲಾ ಶಿಕ್ಷಕರು ತಮ್ಮ ವಿದ್ಯಾರ್ಥಿಗಳನ್ನು ಒಮ್ಮೆ ಸೀಬಿಗೆ ಕರೆದೊಯ್ದು, ಬಣ್ಣದ ಜೊತೆಗೆ ಅದರ ಹಿಂದಿನ ಗಾರೆಯ ಪಾಠವನ್ನೂ ಹೇಳಿಕೊಡಲಿ.